ಹುರುಳಿ, ಹಟ್ಟಿ, ಬೂದಿಗುಡ್ಡ: ಬಯಲುಸೀಮೆಯ ಮೊದಲ ರೈತರು

ಮುಂಗಾರು ಕೈಕೊಟ್ಟ ವರ್ಷ ಕೂಡ್ಲಿಗಿ, ಕೊಟ್ಟೂರು ಕಡೆಯ ರೈತರು ಕೊನೆಗೆ ನಂಬುವುದು ಹುರುಳಿಯನ್ನು. ಶೇಂಗಾ ಒಣಗಿತು, ಮೆಕ್ಕೆಜೋಳ ಸೂಲಂಗಿ ಒಡೆಯುವ ಹೊತ್ತಿಗೆ ಮಳೆ ನಿಂತಿತು ಎಂದರೆ, ಹಿಂಗಾರಿನ ಒಂದೆರಡು ಹದ ಮಳೆ ನೋಡಿಕೊಂಡು ಅದೇ ಹೊಲಕ್ಕೆ ಹುರುಳಿ ಬಿತ್ತುತ್ತಾರೆ. ಅದು ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಗರಸು ನೆಲದಲ್ಲೂ ಇಬ್ಬನಿ ಕುಡಿದುಕೊಂಡು ಬದುಕುತ್ತದೆ. ಕಾಳು ಮನೆಗೆ, ಹೊಟ್ಟು ದನಕ್ಕೆ. ಪೇಟೆಯಲ್ಲಿ ತೊಗರಿಗಿರುವ ಮರ್ಯಾದೆ ಹುರುಳಿಗಿಲ್ಲ. ಬರಗಾಲದ ಬೆಳೆ, ಎತ್ತಿನ ಮೇವು ಎಂದೇ ಅದರ ಹೆಸರು.

ಆ ಕಾಳಿನ ವಯಸ್ಸು ಗೊತ್ತಾದರೆ ಅದನ್ನು ನೋಡುವ ಕಣ್ಣೇ ಬದಲಾಗಬೇಕು. ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲು ಗುಡ್ಡದ ಮಣ್ಣಿನಲ್ಲಿ ಸುಟ್ಟು ಕರಕಲಾದ ಹುರುಳಿ ಕಾಳುಗಳು ಸಿಕ್ಕಿವೆ. ಅವು ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ಯಾರದೋ ಒಲೆಯಲ್ಲಿ ಕರಕಲಾದವು. ಅದನ್ನು ಬೆಳೆದವರು ಎಲ್ಲಿಂದಲೋ ಬೀಜ ತರಿಸಿಕೊಂಡವರಲ್ಲ. ದಖ್ಖನಿನ ಕುರುಚಲು ಕಾಡಿನಲ್ಲಿ ತಾನಾಗಿ ಹಬ್ಬುತ್ತಿದ್ದ ಬಳ್ಳಿಯನ್ನು ಹೊಲಕ್ಕೆ ಇಳಿಸಿಕೊಂಡವರು.

ನಾಗರಿಕತೆಯ ಮೊದಲ ಹೆಜ್ಜೆಗಳೆಂದರೆ ನಮಗೆ ಶಾಲೆಯಲ್ಲಿ ಕಲಿಸಿದ್ದು ಟೈಗ್ರಿಸ್, ಯೂಫ್ರೆಟಿಸ್, ನೈಲ್, ಸಿಂಧೂ. ದೊಡ್ಡ ನದಿ, ದೊಡ್ಡ ನಗರ, ಇಟ್ಟಿಗೆ ಗೋಡೆ, ಮುದ್ರೆ, ಲಿಪಿ. ಅದು ಸುಳ್ಳಲ್ಲ. ಆದರೆ ನಗರಕ್ಕಿಂತ ಮೊದಲು ಹೊಲ ಬೇಕು, ಹಟ್ಟಿ ಬೇಕು. ಅಲೆದಾಡುತ್ತಿದ್ದ ಮನುಷ್ಯ ಬೀಜ ಬಿತ್ತಿ, ದನ ಕಟ್ಟಿ, ಒಂದೆಡೆ ನೆಲೆನಿಂತ ತಿರುವಿಗೆ ಪ್ರಾಕ್ತನ ತಜ್ಞ ಗಾರ್ಡನ್ ಚೈಲ್ಡ್ 1936ರಲ್ಲಿ ಬರೆದ ಪುಸ್ತಕದಲ್ಲಿ ಕ್ರಾಂತಿ ಎಂದೇ ಹೆಸರಿಟ್ಟರು. ಆ ಕ್ರಾಂತಿ ಒಂದೇ ಕಡೆ ಹುಟ್ಟಿ ಜಗತ್ತಿಗೆಲ್ಲ ಹಬ್ಬಿತು ಎಂಬ ನಂಬಿಕೆ ಈಗ ಉಳಿದಿಲ್ಲ. ಪಶ್ಚಿಮ ಏಷ್ಯಾದಲ್ಲಿ ಗೋಧಿ ಮತ್ತು ಬಾರ್ಲಿ, ಚೀನಾದಲ್ಲಿ ಭತ್ತ ಮತ್ತು ನವಣೆ, ಮೆಕ್ಸಿಕೊದಲ್ಲಿ ಮೆಕ್ಕೆಜೋಳ, ನ್ಯೂಗಿನಿಯಲ್ಲಿ ಬಾಳೆ ಮತ್ತು ಕೆಸುವಿನ ಗಡ್ಡೆ, ಹೀಗೆ ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ತಮ್ಮ ನೆಲದ ಗಿಡಗಳನ್ನು ಪಳಗಿಸಿದರು. ಆ ಸಾಲಿಗೆ ದಕ್ಷಿಣ ಭಾರತದ ಬಯಲುಸೀಮೆಯೂ ಸೇರುತ್ತದೆ. ತುಂಗಭದ್ರೆಯಿಂದ ವೇದಾವತಿ ಹಗರಿಯವರೆಗಿನ ಈ ಒಣನೆಲ ಅದರ ನಡುಮನೆ.

ಇದು ಹೇಗೆ ತಿಳಿಯಿತೆಂದು ಹೇಳಬೇಕು, ಏಕೆಂದರೆ ಇದು ಊಹೆಯ ಮಾತಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್, ಜೊತೆಗೆ ಪಿ. ಸಿ. ವೆಂಕಟಸುಬ್ಬಯ್ಯ ಮತ್ತಿತರರು 1990ರ ದಶಕದ ಕೊನೆಯಿಂದ ಸಂಗನಕಲ್ಲು, ಹಳ್ಳೂರು, ಆಂಧ್ರದ ಗಡಿಯ ಹಲವು ಜಾಗಗಳಲ್ಲಿ ಅಗೆದ ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕಲಕಿದರು. ಮಣ್ಣು ತಳಕ್ಕೆ ಇಳಿಯುತ್ತದೆ. ಸುಟ್ಟ ಕಾಳು ಇದ್ದಿಲಿನ ಹಾಗೆ ಹಗುರ, ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೂ ತಿರುಗಿಸಿ ನೋಡಬೇಕು. ಸಾಸಿವೆಗಿಂತ ಚಿಕ್ಕ ಕಾಳಿನ ಮೊಳಕೆಯ ಕಣ್ಣು ಎಲ್ಲಿದೆ, ಸಿಪ್ಪೆಯ ಮೇಲಿನ ಗೆರೆ ಹೇಗಿದೆ ಎಂಬುದರಿಂದ ಜಾತಿ ಗುರುತಾಗುತ್ತದೆ. ಅವರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಜಾಗ ಬದಲಾದರೂ ನಾಲ್ಕು ಬೆಳೆಗಳು ಮತ್ತೆ ಮತ್ತೆ ಸಿಕ್ಕವು: ಹುರುಳಿ, ಹೆಸರು, ಕೊರಲೆ, ನವಣೆಗೆ ಸೋದರನಾದ ಇನ್ನೊಂದು ಸಣ್ಣ ಹುಲ್ಲುಧಾನ್ಯ. ನಾಲ್ಕೂ ಈ ನೆಲದವೇ. ಗೋಧಿ, ಬಾರ್ಲಿ ಕೂಡ ಅಲ್ಲಲ್ಲಿ ಸಿಕ್ಕವು, ಆದರೆ ಅವು ತಡವಾಗಿ ಬಂದ ನೆಂಟರು.

ಗೋಧಿ ಇಲ್ಲಿ ಏಕೆ ಬೇರು ಬಿಡಲಿಲ್ಲ ಎಂಬುದನ್ನು ಹಗರಿಬೊಮ್ಮನಹಳ್ಳಿಯ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಅದು ಚಳಿಗಾಲದ ಬೆಳೆ, ನೀರು ಕಟ್ಟಬೇಕು. ಇಲ್ಲಿಯ ಮಳೆ ಬೇಸಿಗೆ ಕಳೆದ ಮೇಲೆ ಬರುವುದು, ಅದೂ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಆಸುಪಾಸು. ಮಳೆ ಬಿದ್ದಾಗ ಚಿಗುರಿ, ಎರಡು ಮೂರು ತಿಂಗಳಲ್ಲಿ ಕಾಳುಕಟ್ಟಿ ಮುಗಿಸುವ ಗಿಡವೇ ಇಲ್ಲಿ ಬದುಕುವುದು. ಮೊದಲ ರೈತರು ಇದನ್ನು ಕಂಡುಕೊಂಡಿದ್ದರು. ಅವರು ಆರಿಸಿದ್ದು ತೆನೆ ದೊಡ್ಡದಿರುವ ಗಿಡವನ್ನಲ್ಲ, ಬರ ತಡೆಯುವ ಗಿಡವನ್ನು. ಈ ಆಯ್ಕೆಯ ಹಿಂದೆ ಎಷ್ಟು ತಲೆಮಾರುಗಳ ನೋಟ, ಎಷ್ಟು ಬರಗಾಲಗಳ ಪಾಠ ಇದ್ದಿರಬೇಕು!

ಕೊರಲೆಯ ಬಗ್ಗೆ ಎರಡು ಮಾತು. ತುಮಕೂರು, ಚಿತ್ರದುರ್ಗ, ಅನಂತಪುರದ ಅಂಚಿನಲ್ಲಿ ಅಳಿದುಳಿದಿದ್ದ ಈ ಧಾನ್ಯ ಈಚೆಗೆ ಸಿರಿಧಾನ್ಯಗಳ ಚರ್ಚೆ ಎದ್ದ ಮೇಲೆ ಮತ್ತೆ ಹೊಲಕ್ಕೆ ಬಂದಿದೆ. ಅದರ ಸಿಪ್ಪೆ ಬಿಡಿಸುವುದು ಬಲು ಕಷ್ಟ. ಒನಕೆ ಪೆಟ್ಟು, ಮೊರದಿಂದ ಕೇರುವುದು, ಮತ್ತೆ ಒನಕೆ. ಒಂದು ಹೊತ್ತಿನ ಅನ್ನಕ್ಕೆ ಅರ್ಧ ದಿನದ ಕೆಲಸ. ಸಂಗನಕಲ್ಲಿನ ಬಂಡೆಗಳ ಮೇಲೆ ಅಂಗೈಯಗಲದ, ಮೊಳದುದ್ದದ, ಕನ್ನಡಿಯಂತೆ ನುಣುಪಾದ ತಗ್ಗುಗಳಿವೆ. ಕೆಲವು ಕಾಳು ಅರೆದು ಸವೆದವು, ಕೆಲವು ಕೊಡಲಿ ಉಜ್ಜಿ ಸವೆದವು. ಬಂಡೆ ಆ ಪರಿ ಸವೆಯಬೇಕಾದರೆ ಎಷ್ಟು ಕೈಗಳು, ಎಷ್ಟು ವರ್ಷ ಅಲ್ಲಿ ಕೂತಿರಬೇಕು. ಅರೆಯುವ ಕೆಲಸ ಹೆಚ್ಚಾಗಿ ಹೆಂಗಸರದೇ ಆಗಿದ್ದಿರಬಹುದು. ಇತಿಹಾಸದಲ್ಲಿ ಹೆಸರಿಲ್ಲದ ಅವರು ನಮ್ಮ ಊಟವನ್ನು ಕಂಡುಹಿಡಿದವರು.

ಈಗ ಬೂದಿಗುಡ್ಡಕ್ಕೆ ಬರೋಣ.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿರುವ ಬೂದಿಯ ದಿಬ್ಬ ಎರಡಾಳು ಎತ್ತರವನ್ನೂ ಮೀರಿದ್ದು. ಕುಪ್ಪಗಲ್ಲು, ಗಾದಿಗನೂರು, ಯಾದಗಿರಿ ಕಡೆಯ ಬೂದಿಹಾಳ, ಕೊಡೇಕಲ್ಲು, ಹೀಗೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಸೀಮೆಯಲ್ಲಿ ಇಂಥ ದಿಬ್ಬಗಳು ಹಲವು. ಜನ ಇದಕ್ಕೆ ಕಥೆ ಕಟ್ಟಿದರು. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು, ರಕ್ಕಸನ ಹೆಣ ಸುಟ್ಟರೆ ಗುಡ್ಡದಷ್ಟು ಬೂದಿ ಆಗದೆ ಇರುತ್ತದೆಯೇ ಎಂದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿ ಓಡಾಡಿದ ಸೇನಾಧಿಕಾರಿ ನ್ಯೂಬೋಲ್ಡ್ ಈ ಕಥೆಯನ್ನು ಬರೆದಿಟ್ಟ. ಜ್ವಾಲಾಮುಖಿಯ ಬೂದಿ ಎಂದವರಿದ್ದರು, ಕಬ್ಬಿಣ ಕರಗಿಸಿದ ಕಿಟ್ಟ ಎಂದವರಿದ್ದರು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸ್ಯೂವೆಲ್ ಇದನ್ನು ಸಾಮೂಹಿಕ ದಹನದ ಬೂದಿ ಎಂದು ಭಾವಿಸಿದರು.

ಸರಿಯಾದ ಜಾಡು ಹಿಡಿದವರು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯ ಈ ಅಧಿಕಾರಿ 1863ರಲ್ಲಿ ಮದರಾಸಿನ ಪಲ್ಲಾವರಂ ಬಳಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಪತ್ತೆಹಚ್ಚಿ ಭಾರತದ ಪ್ರಾಗೈತಿಹಾಸಕ್ಕೆ ಬಾಗಿಲು ತೆರೆದವರು. ಮುಂದೆ ಆಗಿನ ಬಳ್ಳಾರಿ ಜಿಲ್ಲೆಯನ್ನು ಸುತ್ತಿ, ಅದರ ಭೂರಚನೆಯ ಬಗ್ಗೆ 1895ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ಜಿಲ್ಲೆಯಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿದ್ದವು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಇನ್ನೂ ತಾಲ್ಲೂಕುಗಳಾಗಿರಲಿಲ್ಲ. ಬಂಡೆಯ ಜಾತಿ ಹುಡುಕಲು ಹೊರಟ ಫೂಟ್ ದಾರಿಯುದ್ದಕ್ಕೂ ನುಣುಪು ಕೊಡಲಿ, ಮಡಕೆ ಚೂರು ಹೆಕ್ಕುತ್ತ ಹೋದರು. ಬೂದಿದಿಬ್ಬಗಳ ಸುತ್ತ ಅವೇ ಕೊಡಲಿ, ಅವೇ ಚೂರು. ಹಾಗಾದರೆ ಇದು ರಕ್ಕಸರದ್ದಲ್ಲ, ದನಗಾರರದ್ದು ಎಂಬ ಕಡೆಗೆ ಅವರ ಯೋಚನೆ ಹರಿಯಿತು.

ಅದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿದ್ದು 1960ರಲ್ಲಿ, ಫ್ರೆಡರಿಕ್ ಜೋಯ್ನರ್. ಕುಡತಿನಿಯ ಬೂದಿ ಸಗಣಿಯ ಬೂದಿ. ಹುಲ್ಲಿನಲ್ಲಿರುವ ಸಿಲಿಕಾ ಭಾರಿ ಬೆಂಕಿಯಲ್ಲಿ ಕರಗಿ ಗಾಜಿನಂತೆ ಗಟ್ಟಿಯಾಗಿದ್ದನ್ನೇ ಜನ ಕಬ್ಬಿಣದ ಕಿಟ್ಟ ಎಂದುಕೊಂಡಿದ್ದರು. ಅಷ್ಟರಲ್ಲಿ ರೇಮಂಡ್ ಆಲ್ಚಿನ್ 1957ರಲ್ಲಿ ಹಳೆಯ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬವನ್ನು ಅಗೆದಿದ್ದರು. ಅಲ್ಲಿ ಕಂಡದ್ದು ದನದ ದೊಡ್ಡಿ: ಸುತ್ತ ಮರದ ಕಂಬ ನೆಟ್ಟ ಗುಳಿಗಳ ಸಾಲು, ಒಳಗೆ ಪದರದ ಮೇಲೆ ಪದರ ಬೂದಿ, ಆ ಬೂದಿಯ ಮೇಲೆ ದನಗಳ ಗೊರಸಿನ ಗುರುತು. ಹಿಂಡು ಒಳಕ್ಕೆ ಬಂದಾಗ ನೆಲ ಮೆತ್ತಗಿತ್ತು, ಗೊರಸು ಊರಿತು, ಆಮೇಲೆ ಅದರ ಮೇಲೆ ಇನ್ನೊಂದು ಪದರ ಬಿತ್ತು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಒಂದು ಸಂಜೆ ದನ ದೊಡ್ಡಿಗೆ ತಿರುಗಿದ್ದರ ದಾಖಲೆ ಅದು. ಶಿಲಾಶಾಸನಕ್ಕಿಂತ ಅದು ಯಾವ ರೀತಿಯಲ್ಲಿ ಕಡಿಮೆ?

ಅವರು ಸಗಣಿಯನ್ನು ಏಕೆ ಸುಟ್ಟರು? ನಮ್ಮ ರೈತರಿಗೆ ಮೊದಲು ನೋವಾಗುವುದು ಇದೇ ಪ್ರಶ್ನೆಯಲ್ಲಿ. ಒಂದು ಗಾಡಿ ತಿಪ್ಪೆಗೊಬ್ಬರಕ್ಕೆ ಪರದಾಡುವ ಊರಿನವರಿಗೆ ಗುಡ್ಡದಷ್ಟು ಗೊಬ್ಬರ ಸುಟ್ಟದ್ದು ಅರ್ಥವಾಗುವುದಿಲ್ಲ. ಕೆ. ಪದ್ದಯ್ಯ ಅವರು 1989ರಿಂದ ಹಲವು ವರ್ಷ ಬೂದಿಹಾಳವನ್ನು ಅಗೆದಾಗ ದಿಬ್ಬದ ಮಗ್ಗುಲಲ್ಲೇ ಮನೆಗಳು, ಕಲ್ಲಿನ ಅಲಗು ಮಾಡುವ ಕಾರ್ಯಾಗಾರ, ಪ್ರಾಣಿ ಕೊಯ್ದು ಹಂಚುತ್ತಿದ್ದ ವಿಶಾಲವಾದ ನೆಲ ಸಿಕ್ಕವು. ಅಂದರೆ ಅದು ಮಳೆಗಾಲಕ್ಕೆ ಮಾತ್ರ ಬಂದು ಹೋಗುವ ಬೀಡಲ್ಲ, ಊರು. ಊರಿನ ಪಕ್ಕ ಗುಡ್ಡೆಬಿದ್ದ ಸಗಣಿಯನ್ನು ಹುಳ, ನೊಣ, ರೋಗ ತಡೆಯಲು ಆಗಾಗ ಸುಡುತ್ತಿದ್ದರು ಎಂಬುದು ಒಂದು ವಾದ. ಆಲ್ಚಿನ್ ದಂಪತಿ ಹೇಳಿದ್ದು ಬೇರೆ: ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಪದ್ಧತಿಯಂತೆ, ಋತು ತಿರುಗುವಾಗ ಊರೆಲ್ಲ ಸೇರಿ ಹಚ್ಚುತ್ತಿದ್ದ ಹಬ್ಬದ ಬೆಂಕಿ ಅದು. ನನಗೆ ಇವೆರಡೂ ಒಂದನ್ನೊಂದು ತಳ್ಳಿಹಾಕುವ ಮಾತುಗಳಾಗಿ ಕಾಣುವುದಿಲ್ಲ. ಹೋಳಿಯಲ್ಲಿ ಕಸ ಸುಡುವುದೂ ಆಗುತ್ತದೆ, ಹಬ್ಬವೂ ಆಗುತ್ತದೆ. ಹೊಲಕ್ಕಿಂತ ಹಿಂಡೇ ದೊಡ್ಡ ಸಿರಿಯಾಗಿದ್ದ ಕಾಲದಲ್ಲಿ, ಊರಾಚೆ ಎತ್ತರಕ್ಕೆ ಬೆಳೆಯುವ ಆ ದಿಬ್ಬ ಊರವರ ಹೆಮ್ಮೆಯ ಗುರುತೂ ಆಗಿದ್ದಿರಬೇಕು.

ಕೂಡ್ಲಿಗಿಯ ಪೂರ್ವದ ಹಟ್ಟಿಗಳಿಗೆ, ಅಲ್ಲಿಂದ ಮೊಳಕಾಲ್ಮುರು, ಚಳ್ಳಕೆರೆಯ ಕಡೆಗೆ ಹೋದವರಿಗೆ ಇದು ಪೂರ್ತಿ ಹೊಸದೆನಿಸುವುದಿಲ್ಲ. ಮ್ಯಾಸನಾಯಕರ ಹಟ್ಟಿಗಳಲ್ಲಿ ಇಂದಿಗೂ ದೇವರೆತ್ತುಗಳ ಹಿಂಡು ಇದೆ. ಅವುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಅವನ್ನು ಕಾಯಲು ಕಿಲಾರಿ ಇರುತ್ತಾನೆ, ರಾತ್ರಿ ಕೂಡಿಹಾಕಲು ಮುಳ್ಳಿನ ಬೇಲಿಯ ರೊಪ್ಪ ಇರುತ್ತದೆ, ಹಬ್ಬದಲ್ಲಿ ಕಿಚ್ಚು ಇರುತ್ತದೆ. ಕಾಡುಗೊಲ್ಲರ ಹಟ್ಟಿಗಳಲ್ಲೂ ಪಶುವೇ ದೈವ, ಪಶು ಕಾಯ್ದವನೇ ವೀರ. ಇವರೇ ಆ ಬೂದಿದಿಬ್ಬದವರ ನೇರ ವಂಶಸ್ಥರು ಎಂದು ಹೇಳಲು ಯಾವ ಆಧಾರವೂ ಇಲ್ಲ, ಹಾಗೆ ಹೇಳಬಾರದು. ಆದರೆ ಈ ನೆಲ ಮನುಷ್ಯರಿಗೆ ಒಂದು ಬದುಕಿನ ದಾರಿ ಕಲಿಸಿದೆ. ಮಳೆ ಕಡಿಮೆ, ಹುಲ್ಲು ಇದೆ, ಕಲ್ಲುಗುಡ್ಡ ಇದೆ. ದನ ಸಾಕು, ಗುಡ್ಡದ ಬುಡದಲ್ಲಿ ಸ್ವಲ್ಪ ಕಾಳು ಬಿತ್ತು. ಬಂದವರೆಲ್ಲ ಆ ಪಾಠ ಕಲಿತೇ ಉಳಿದರು.

ದನಗಳ ಮೇಲಿನ ಆ ಪ್ರೀತಿ ಕುಪ್ಪಗಲ್ಲಿನ ಹಿರೇಗುಡ್ಡದ ಕರಿಬಂಡೆಗಳ ಮೇಲೆ ಕೊರೆದಿದೆ. ಉದ್ದ ಕೊಂಬಿನ, ಏರುಹಿಣಿಲಿನ ಎತ್ತುಗಳು ಸಾಲುಸಾಲು. 1892ರಲ್ಲೇ ಫಾಸೆಟ್ ಎಂಬ ಅಧಿಕಾರಿ ಇವುಗಳ ಬಗ್ಗೆ ಬರೆದಿದ್ದ. ಆಮೇಲೆ ದಶಕಗಳ ಕಾಲ ಮರೆತುಹೋಗಿ, ಈ ಶತಮಾನದ ಆರಂಭದಲ್ಲಿ ನಿಕೋಲ್ ಬೋಯ್ವಿನ್ ಮತ್ತು ರವಿ ಕೋರಿಶೆಟ್ಟರ್ ತಂಡದವರು ಮತ್ತೆ ವಿವರವಾಗಿ ದಾಖಲಿಸಿದರು. ಅಲ್ಲಿಯ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಗುಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊರಡುತ್ತದೆ. ಬಡಿದು ಬಡಿದೇ ಗುಳಿ ಬಿದ್ದದ್ದು. ಚಿತ್ರ, ನಾದ, ದನ, ಬೆಂಕಿ ಒಂದೇ ಗುಡ್ಡದಲ್ಲಿ ಸೇರಿದ್ದವು.

ಆ ಕರಿಬಂಡೆಯೇ ಅವರ ಉದ್ಯಮದ ಮೂಲವೂ ಹೌದು. ನಮ್ಮ ಕಡೆಯ ಕಣಶಿಲೆಯ ಗುಡ್ಡಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ಪಟ್ಟೆ ಉದ್ದಕ್ಕೆ ಓಡಿರುವುದನ್ನು ಕಾಣಬಹುದು. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ಒಡೆದರೆ ಚೂಪಾಗಿ ಸೀಳುತ್ತದೆ, ಉಜ್ಜಿದರೆ ಹೊಳೆಯುತ್ತದೆ, ಪೆಟ್ಟು ತಿಂದರೂ ಬಿರುಕು ಬಿಡುವುದಿಲ್ಲ. ಹಿರೇಗುಡ್ಡದಲ್ಲಿ ಇದರಿಂದ ಕೊಡಲಿ ಮಾಡುವ ಕಾರ್ಯಾಗಾರವೇ ಇತ್ತು. ಮೊದಲು ದಪ್ಪ ಚಕ್ಕೆ ಎಬ್ಬಿಸುವುದು, ಸುತ್ತ ಸಣ್ಣ ಚಕ್ಕೆ ಹಾರಿಸಿ ಆಕಾರ ಕೊಡುವುದು, ಗುಂಡುಗಲ್ಲಿನಿಂದ ಚುಚ್ಚಿ ಚುಚ್ಚಿ ಉಬ್ಬುತಗ್ಗು ತೆಗೆಯುವುದು, ಕೊನೆಗೆ ನೀರು, ಮರಳು ಹಾಕಿ ಬಂಡೆಗೆ ಉಜ್ಜಿ ಅಂಚು ಹಿಡಿಸುವುದು. ಕ್ರಿಸ್ತಪೂರ್ವ 1400ರಿಂದ 1200ರ ಹೊತ್ತಿಗೆ ಅಲ್ಲಿ ಬಿದ್ದ ಚಕ್ಕೆಗಳ ರಾಶಿ ನೋಡಿದರೆ, ಒಂದು ಊರಿನ ಬಳಕೆಗೆ ಅಷ್ಟು ಕೊಡಲಿ ಬೇಕಿರಲಿಲ್ಲ. ಬೇರೆ ಊರಿಗೂ ಹೋಗುತ್ತಿದ್ದವು. ಒಬ್ಬ ಹೊಲ ನೋಡಿಕೊಳ್ಳುವುದು, ಇನ್ನೊಬ್ಬ ಕೊಡಲಿ ಮಾಡುವುದು, ಇಬ್ಬರೂ ಕೊಟ್ಟುಕೊಳ್ಳುವುದು: ಕಸುಬು ಹಂಚಿಕೆ ಎಂಬ ದೊಡ್ಡ ತಿರುವು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಸಂತೆಯ ಬೀಜ ಬಿದ್ದದ್ದು ಇಂಥ ಕಡೆ.

ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ 1963-64ರಲ್ಲಿ ಅಗೆದಾಗ ಗುಡ್ಡದ ಮೇಲೆ ದುಂಡನೆಯ ಗುಡಿಸಲುಗಳ ನೆಲಗಟ್ಟು ಸಿಕ್ಕಿತು, ತಡಿಕೆಗೆ ಮಣ್ಣು ಮೆತ್ತಿದ ಗೋಡೆಯ ಗುರುತು ಸಿಕ್ಕಿತು, ತಾಮ್ರ ಮತ್ತು ಚಿನ್ನವೂ ಸಿಕ್ಕವು. ಸತ್ತ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಲ್ಲೇ ಹೂಳುವುದು ಆ ಕಾಲದ ರೂಢಿ. ಕೂಸನ್ನು ಮನೆಯಿಂದ ಹೊರಗೆ ಕಳಿಸಲು ತಾಯಿಗೆ ಮನಸ್ಸಾಗಲಿಲ್ಲ ಎಂದು ನಾವು ಓದಿಕೊಳ್ಳಬಹುದು.

ಈ ಎಲ್ಲದಕ್ಕೂ ಕಾಲದ ಲೆಕ್ಕ ಹಾಕಿಕೊಟ್ಟದ್ದು ಕೂಡ್ಲಿಗಿಯ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಮೈಸೂರಿನ ಎಂ. ಎಚ್. ಕೃಷ್ಣ ಅಲ್ಲಿ ಮೊದಲು ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದು ಪದರ ಪದರವಾಗಿ ಬಿಡಿಸಿದರು. ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಯ ಜನ, ಅದರ ಮೇಲೆ ಶಾತವಾಹನರ ಕಾಲದ ಬಣ್ಣದ ಮಡಕೆಯವರು. ದಕ್ಷಿಣ ಭಾರತದ ಪ್ರಾಗೈತಿಹಾಸಕ್ಕೆ ಮೊದಲ ಏಣಿ ಸಿಕ್ಕಿದ್ದು ಆಗ. ವ್ಹೀಲರ್ ಮಾತ್ರ ಕಲ್ಲುಕೊಡಲಿಯವರನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನಕ್ಕೆ ತಂದು ಕೂರಿಸಿದ್ದರು. ಇದ್ದಿಲಿನ ಕಾಲ ಅಳೆಯುವ ವಿಧಾನ ಬಂದ ಮೇಲೆ ಆ ಲೆಕ್ಕ ಹಿಂದಕ್ಕೆ ಸರಿಯಿತು. ಈಗ ದಕ್ಷಿಣದ ನವಶಿಲಾಯುಗವನ್ನು ಸುಮಾರು ಕ್ರಿಸ್ತಪೂರ್ವ 3000ದಿಂದ 1200ರವರೆಗೆ ಎಂದು ಹೇಳುತ್ತಾರೆ. ಅಂದರೆ ಹರಪ್ಪ, ಮೊಹೆಂಜೊದಾರೊ ನಗರಗಳು ತುಂಬಿ ತುಳುಕುತ್ತಿದ್ದಾಗ ಇಲ್ಲಿ ಹಟ್ಟಿಗಳಲ್ಲಿ ಹುರುಳಿ ಬೇಯುತ್ತಿತ್ತು.

ಮುಂದಿನ ತಿರುವು ಕಬ್ಬಿಣ. ಸಂಡೂರಿನ ಸುತ್ತಲ ಬೆಟ್ಟಗಳಲ್ಲಿ ಕೆಂಪು ಕಪ್ಪು ಪಟ್ಟೆಯ ಕಬ್ಬಿಣಗಲ್ಲು ಇದೆ. ಹಳೆ ಶಿಲಾಯುಗದ ಬೇಟೆಗಾರರು ಇದೇ ಜಾತಿಯ ಕಲ್ಲನ್ನು ಒಡೆದು ಕೈಗೊಡಲಿ ಮಾಡಿಕೊಂಡಿದ್ದನ್ನು ಫೂಟ್ ಬಳ್ಳಾರಿ ಜಿಲ್ಲೆಯಲ್ಲಿ ಕಂಡಿದ್ದರು. ಕಬ್ಬಿಣ ಕೈಯಲ್ಲೇ ಇತ್ತು, ಆದರೆ ಕಲ್ಲಾಗಿ ಇತ್ತು. ಅದರೊಳಗಿನ ಲೋಹವನ್ನು ಬೆಂಕಿಯಿಂದ ಬೇರ್ಪಡಿಸುವ ವಿದ್ಯೆ ಬರಲು ಲಕ್ಷಾಂತರ ವರ್ಷ ಬೇಕಾಯಿತು. ತುಂಗಭದ್ರೆ ಹರಪನಹಳ್ಳಿ, ಹಡಗಲಿಯ ಅಂಚಿಗೆ ಬರುವ ಮೊದಲು ಹಾವೇರಿ ಜಿಲ್ಲೆಯ ಹಳ್ಳೂರಿನ ದಡ ಸವರಿ ಬರುತ್ತದೆ. ಅಲ್ಲಿ 1965ರಲ್ಲಿ ನಾಗರಾಜರಾವ್ ಅಗೆದಾಗ ನವಶಿಲಾಯುಗದ ಪದರ ಮುಗಿಯುವಲ್ಲೇ ಕಬ್ಬಿಣದ ಬಾಣದ ಮೊನೆ, ಅಲಗುಗಳು ಕಂಡವು. ಕಾಲ ಸುಮಾರು ಕ್ರಿಸ್ತಪೂರ್ವ 1000. ಕಬ್ಬಿಣ ಬಂದ ಮೇಲೆ ನೆಲದ ನಕ್ಷೆಯೇ ಬದಲಾಯಿತು. ಕಲ್ಲಿನ ಸಲಕರಣೆ ಹಿಡಿದವರು ಗುಡ್ಡದ ಬುಡದ ಸಡಿಲ ಕೆಮ್ಮಣ್ಣನ್ನು ನೆಚ್ಚಿಕೊಂಡಿದ್ದರು. ಹಡಗಲಿ ಕಡೆಯ ಎರೆಭೂಮಿಯಂಥ ಅಂಟುನೆಲವನ್ನು ಸೀಳಲು ಕಬ್ಬಿಣದ ಕುಳ ಬೇಕು. ಕೆರೆ ಅಗೆಯಲು, ಬಂಡೆ ಸೀಳಲು ಕಬ್ಬಿಣ ಬೇಕು.

ಬಂಡೆ ಸೀಳಿ ಅವರು ಮಾಡಿದ್ದರಲ್ಲಿ ಅತ್ಯಂತ ವಿಚಿತ್ರವಾದದ್ದು ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿದೆ. ದೊಡ್ಡ ಚಪ್ಪಡಿಯನ್ನು ಮನುಷ್ಯಾಕಾರಕ್ಕೆ ಕಡಿದು ನಿಲ್ಲಿಸಿದ್ದಾರೆ. ಮೇಲೆ ದುಂಡನೆಯ ತಲೆ, ಅದರ ಕೆಳಗೆ ಇಕ್ಕೆಲಕ್ಕೆ ಇಳಿದ ಭುಜ, ಅಲ್ಲಿಂದ ನೇರ ನೆಲಕ್ಕೆ ಇಳಿದ ಮೈ. ಕಣ್ಣಿಲ್ಲ, ಬಾಯಿಲ್ಲ, ಕೈಕಾಲಿಲ್ಲ. ಇದು ಬೃಹತ್ ಶಿಲಾ ಸಮಾಧಿಗಳ ಕಾಲದ ಕೆಲಸ. ಕಲ್ಲುಚಪ್ಪಡಿ ನಿಲ್ಲಿಸಿ ಕೋಣೆ ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿದ ಗೋರಿಗಳನ್ನು ಜನ ಮೋರಿಯರ ಮನೆ ಎಂದು ಕರೆಯುತ್ತಾರೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಅಂಥವು ನೂರಾರು. ಈ ಗೋರಿಗಳ ಬಗ್ಗೆ ಅ. ಸುಂದರ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರ. ಆದರೆ ಮನುಷ್ಯಾಕಾರದ ಕಲ್ಲು ಅಪರೂಪ. ಇಡೀ ದಕ್ಷಿಣ ಭಾರತದಲ್ಲೇ ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ ಇದೆ. ಕುಮತಿಯ ಕಲ್ಲು ದೇವರೋ, ಸತ್ತ ಹಿರಿಯನೋ, ಸತ್ತವರ ಕಾವಲಿನವನೋ ಎಂಬ ಚರ್ಚೆ ಮುಗಿದಿಲ್ಲ. ನನ್ನ ಕಣ್ಣಿಗೆ ಅದು ಹಿರಿಯ. ಮುಖ ಬಿಡಿಸದೆ ಬಿಟ್ಟದ್ದು ಕೈ ಬಾರದೆ ಅಲ್ಲ, ಅಷ್ಟು ದೊಡ್ಡ ಚಪ್ಪಡಿಯನ್ನು ಹದವಾಗಿ ದುಂಡಗೆ ಕಡಿದವರಿಗೆ ಎರಡು ಕಣ್ಣು ಕೊರೆಯುವುದು ಕಷ್ಟವಾಗಿರಲಿಲ್ಲ. ಸತ್ತವನು ಇನ್ನು ಒಬ್ಬನಲ್ಲ, ಎಲ್ಲರ ಹಿರಿಯ ಎಂಬ ಭಾವ ಅಲ್ಲಿದೆ ಎಂದು ತೋರುತ್ತದೆ.

ಕೊನೆಯ ತಿರುವು ಅಕ್ಷರ. ಅದು ಮಾತ್ರ ಹೊರಗಿನಿಂದ ಬಂತು. ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಬರೆಸಿದ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದರು. ಹತ್ತಿರದ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲೂ ಅದೇ ಶಾಸನವಿದೆ. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿ, ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಬಲ್ಲವನೊಬ್ಬ ಈ ಮುಳ್ಳುಕಾಡಿನ ಬಂಡೆಯ ಮುಂದೆ ಕೂತು ಬರೆದ. ಈ ಸೀಮೆಯಲ್ಲಿ ಹೆಸರು ತಿಳಿದ ಮೊದಲ ಬರಹಗಾರ ಅವನೇ. ಅವನ ಬೆನ್ನ ಹಿಂದೆ, ಅದೇ ಬ್ರಹ್ಮಗಿರಿಯ ನೆಲದಡಿ, ಒಂದಕ್ಷರ ಬರೆಯದೆ ಬಾಳಿದವರ ಎರಡು ಸಾವಿರ ವರ್ಷದ ಬದುಕು ಹೂತಿತ್ತು.

ಇವತ್ತಿನ ಸ್ಥಿತಿ ನೆಮ್ಮದಿಯದ್ದಲ್ಲ. ಬೂದಿದಿಬ್ಬಗಳಲ್ಲಿ ಎಷ್ಟೋ ಹೊಲ ಸಮ ಮಾಡುವಾಗ ಮಾಯವಾದವು. ಹಿರೇಗುಡ್ಡದ ಒಂದು ಭಾಗವನ್ನು ಕಲ್ಲುಗಣಿಗಾರಿಕೆ ಕಡಿದು ಹಾಕಿತು. ಎತ್ತಿನ ಚಿತ್ರ ಹೊತ್ತ ಬಂಡೆಗಳು ಜಲ್ಲಿಯಾದವು. ನಾಲ್ಕು ಸಾವಿರ ವರ್ಷ ಮಳೆ ಬಿಸಿಲಿಗೆ ಜಗ್ಗದ ಕಲ್ಲು ಕ್ರಷರ್‌ಗೆ ಒಂದು ಬೆಳಗಿನ ಕೆಲಸ. ನಿಧಿಯ ಆಸೆಗೆ ಮೋರಿಯರ ಮನೆ ಅಗೆಯುವವರಿದ್ದಾರೆ. ಅಲ್ಲಿ ಇರುವುದು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಅಗೆದವರಿಗೆ ಏನೂ ಸಿಗುವುದಿಲ್ಲ, ನಮಗೆ ಇದ್ದದ್ದೂ ಹೋಗುತ್ತದೆ. ಹೊಲದಲ್ಲೂ ಹಾಗೆಯೇ. ಹರಪನಹಳ್ಳಿಯ ಕಣ್ಣಳತೆಗೆ ಮೆಕ್ಕೆಜೋಳ, ಕೊಟ್ಟೂರಿನ ಕಡೆ ಮೆಕ್ಕೆಜೋಳ. ಅಮೆರಿಕದಿಂದ ಬಂದ ಆ ಬೆಳೆಯ ಮೇಲೆ ನನಗೆ ಸಿಟ್ಟಿಲ್ಲ. ಹಣ ಕೊಡುವ ಬೆಳೆಯನ್ನು ರೈತ ಬೆಳೆಯಲೇಬೇಕು. ಆದರೆ ಮಳೆ ತಪ್ಪಿದಾಗ ಮೊದಲು ನೆಲಕಚ್ಚುವುದೂ ಅದೇ. ಈ ನೆಲದಲ್ಲೇ ಪಳಗಿದ ಹುರುಳಿಗೆ, ಕೊರಲೆಗೆ ಒಳ್ಳೆಯ ತಳಿ, ಸಿಪ್ಪೆ ತೆಗೆಯುವ ಯಂತ್ರ, ಖರೀದಿ ಕೇಂದ್ರ ಕೊಡುವುದು ಹಳೆಯದರ ಮೋಹವಲ್ಲ. ನಾಲ್ಕು ಸಾವಿರ ವರ್ಷದ ಪರೀಕ್ಷೆಯಲ್ಲಿ ಪಾಸಾದ ಬೆಳೆ ಅದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳನ್ನು ಹಿಂದುಳಿದವು ಎಂದು ವರದಿಗಳಲ್ಲಿ ಬರೆಯುವುದು ರೂಢಿಯಾಗಿದೆ. ರಸ್ತೆ, ನೀರು, ಆಸ್ಪತ್ರೆಯ ಲೆಕ್ಕದಲ್ಲಿ ಅದು ನಿಜ, ಆ ಹಕ್ಕಿಗಾಗಿ ಹೋರಾಡಬೇಕು. ಆದರೆ ಆ ಹೆಸರು ಹೊತ್ತು ಬೆಳೆಯುವ ಮಕ್ಕಳಿಗೆ, ನಿಮ್ಮ ಸೀಮೆಯ ಜನ ಯಾರಿಂದಲೂ ಕಲಿಯದೆ ತಾವೇ ಒಕ್ಕಲುತನ ಕಂಡುಕೊಂಡವರು ಎಂಬ ಸಂಗತಿಯನ್ನೂ ಯಾರಾದರೂ ಹೇಳಬೇಕಲ್ಲವೇ?

ಶಾಲೆಗಳ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ಒಂದು ಮನವಿ. ಪ್ರವಾಸವೆಂದರೆ ಹಂಪಿ, ಟಿಬಿ ಡ್ಯಾಂ ಎಂದು ಇದ್ದೇ ಇದೆ. ಈ ವರ್ಷ ಒಂದು ದಿನ ಮಕ್ಕಳನ್ನು ಕುಮತಿಗೆ ಕರೆದುಕೊಂಡು ಹೋಗಿ. ಇನ್ನೊಂದು ದಿನ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿಯ ಕಲ್ಲುಕೊಡಲಿಗಳನ್ನು ತೋರಿಸಿ. ಊರಿನ ಹೊಲದಲ್ಲಿ ನುಣುಪಾದ ಕರಿಕಲ್ಲಿನ ಕೊಡಲಿ, ಬೂದಿಯ ದಿಬ್ಬ, ಕಪ್ಪು ಕೆಂಪು ಮಡಕೆಯ ಚೂರು ಕಂಡರೆ ಕೀಳಬೇಡಿ, ಮನೆಗೆ ಒಯ್ಯಬೇಡಿ. ಜಾಗದ ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ. ಗ್ರಾಮ ಪಂಚಾಯಿತಿಯವರು ಗುಡ್ಡ ಗುತ್ತಿಗೆಗೆ ಒಪ್ಪಿಗೆ ಕೊಡುವ ಮುನ್ನ ಒಂದು ಸಲ ಆ ಗುಡ್ಡ ಹತ್ತಿ ಬಂಡೆಗಳನ್ನು ನೋಡಿ ಬರಲಿ.